ಧಾತುವಿನ ನಗೆ, ಮಾತಿನ ಅಳಲು: ಕೆಲವು ರಾಕ್ ಗೀತೆಗಳನ್ನು ಕುರಿತು

೧

ಹಾಡನ್ನು ಇತಿಹಾಸದ ಆಕರವೆಂದು ಬಳಸುವವರು ಸಾಮಾನ್ಯವಾಗಿ ಅದರ ಮಾತನ್ನು ಮಾತ್ರ ಬರೆದಿಟ್ಟುಕೊಳ್ಳುತ್ತಾರೆ. ಶಾಸನಗಳನ್ನೂ ಕಾಗದಪತ್ರಗಳನ್ನೂ ಓದಿ ಅಭ್ಯಾಸವಾದ ನಮಗೆ ಇದು ಸಹಜವೇ. ಇದಕ್ಕೆ ವಿರುದ್ಧವಾಗಿ, ಹಾಡನ್ನು ಸಂತೋಷಕ್ಕಾಗಿ ಕೇಳುವವರು ಮಟ್ಟನ್ನು ಹಿಡಿದುಕೊಂಡು ಮಾತನ್ನು ಕೈಬಿಡುತ್ತಾರೆ. ಮಾತೂ ಮಟ್ಟೂ ಒಂದೇ ಭಾವವನ್ನು ಹೇಳುವವರೆಗೆ ಈ ಎರಡು ಅಭ್ಯಾಸಗಳಿಂದಲೂ ಹೇಳಿಕೊಳ್ಳುವಂತಹ ಹಾನಿಯೇನೂ ಇಲ್ಲ. ಆದರೆ ಮಾತು ಸಾವನ್ನು ನುಡಿಯುತ್ತಿರುವಾಗ ಮಟ್ಟು ಕುಣಿತಕ್ಕೆ ಕರೆಯುತ್ತಿದ್ದರೆ ಕೇಳುವವನು ಯಾವುದನ್ನು ನಂಬಬೇಕು? ಇಂಗ್ಲಿಷ್ ರಾಕ್ ಗೀತೆಗಳಲ್ಲಿ ಇಂತಹ ಪ್ರಸಂಗಗಳು ಹಲವಾರಿವೆ. ಅವುಗಳಲ್ಲಿ ಕೆಲವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ವಿಚಾರಕ್ಕೆ ಹಚ್ಚಿದ್ದು ತರಗತಿಯಲ್ಲಿ ನಡೆದ ಒಂದು ಸಣ್ಣ ಘಟನೆ. ವಿಯಟ್ನಾಂ ಯುದ್ಧವನ್ನು ಪಾಠ ಹೇಳುತ್ತಿದ್ದಾಗ, ಆ ಕಾಲದ ಜನಮನಸ್ಸು ವಿದ್ಯಾರ್ಥಿಗಳಿಗೆ ತಿಳಿಯಲೆಂದು ೧೯೬೯ರ ಒಂದು ಹಾಡನ್ನು ಕೇಳಿಸಿದೆ. ಅರ್ಥವನ್ನು ಮೊದಲು ಹೇಳಲಿಲ್ಲ. ಹಿಂದಿನ ಬೆಂಚುಗಳಲ್ಲಿ ಕಾಲುಗಳು ತಾಳ ಹಾಕತೊಡಗಿದವು, ಮುಖಗಳು ಅರಳಿದವು. ನಾನು ಅವರನ್ನು ತಪ್ಪೆನ್ನುವ ಸ್ಥಿತಿಯಲ್ಲಿರಲಿಲ್ಲ. ವಿದ್ಯಾರ್ಥಿದೆಸೆಯಲ್ಲಿ ಹಾಸ್ಟೆಲಿನ ವಾರ್ಷಿಕೋತ್ಸವದಂದು ನಾನೂ ಅದೇ ಹಾಡಿಗೆ ಕುಣಿದವನು. ಹಾಡು ಮುಗಿದ ಮೇಲೆ ಅದರ ತಾತ್ಪರ್ಯವನ್ನು ಕನ್ನಡದಲ್ಲಿ ಹೇಳಿದೆ. ತರಗತಿ ನಿಶ್ಶಬ್ದವಾಯಿತು. ಬಳಿಕ ಒಬ್ಬ ವಿದ್ಯಾರ್ಥಿನಿ ಎದ್ದುನಿಂತು, “ಹಾಗಾದರೆ ನಾವು ಇಷ್ಟು ಹೊತ್ತು ಕೇಳಿದ್ದು ತಪ್ಪೇ, ಸರ್?” ಎಂದು ಕೇಳಿದಳು. ಆ ದಿನ ನಾನು ಕೊಟ್ಟ ಉತ್ತರ ನನಗೇ ತೃಪ್ತಿಯನ್ನು ಕೊಡಲಿಲ್ಲ.

೨

ನಮ್ಮ ಸಂಗೀತಶಾಸ್ತ್ರವು ಹಾಡಿನಲ್ಲಿ ಎರಡು ಅಂಶಗಳನ್ನು ಬೇರ್ಪಡಿಸಿ ಹೇಳುತ್ತದೆ. ಗೇಯವಾದ ಅಂಶ ಧಾತು. ವಾಕ್ಕಿನ ಅಂಶ ಮಾತು. ಎರಡನ್ನೂ ಒಬ್ಬನೇ ರಚಿಸಿದರೆ ಅವನು ವಾಗ್ಗೇಯಕಾರ. ಹದಿಮೂರನೆಯ ಶತಮಾನದ ಶಾರ್ಙ್ಗದೇವನ ‘ಸಂಗೀತರತ್ನಾಕರ’ದಲ್ಲಿ ಈ ವಿವೇಚನೆ ಸ್ಪಷ್ಟವಾಗಿದೆ. ಇಲ್ಲಿ ಎತ್ತಿಕೊಂಡಿರುವ ರಾಕ್ ಗೀತೆಗಳ ಕರ್ತೃಗಳೂ ಈ ಅರ್ಥದಲ್ಲಿ ವಾಗ್ಗೇಯಕಾರರೇ. ಬೇರೊಬ್ಬನ ಕವಿತೆಗೆ ಹೊಂದದ ಮಟ್ಟನ್ನು ಯಾರೋ ಕಟ್ಟಿದರೆಂದು ಹೇಳಿ ನಾವು ತಪ್ಪಿಸಿಕೊಳ್ಳುವಂತಿಲ್ಲ. ವಿರೋಧವಿದ್ದರೆ ಅದು ಒಂದೇ ಮನಸ್ಸಿನಿಂದ ಹುಟ್ಟಿದ ವಿರೋಧ.

ತರಗತಿಯಲ್ಲಿ ಕೇಳಿಸಿದ ಹಾಡು ‘ಬ್ಯಾಡ್ ಮೂನ್ ರೈಸಿಂಗ್’. ಇದನ್ನು ಹಾಡಿದವರು ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ಎಂಬ ತಂಡದವರು. ಕ್ಯಾಲಿಫೋರ್ನಿಯಾದ ಎಲ್ ಸೆರಿಟೋ ಎಂಬ ಊರಿನವರಾದ ಇವರು ನಾಲ್ವರು: ಜಾನ್ ಫೋಗರ್ಟಿ, ಅವನ ಅಣ್ಣ ಟಾಮ್ ಫೋಗರ್ಟಿ, ಸ್ಟೂ ಕುಕ್ ಮತ್ತು ಡಗ್ ಕ್ಲಿಫರ್ಡ್. ಮಾತು, ಮಟ್ಟು ಎರಡೂ ಜಾನ್ ಫೋಗರ್ಟಿಯವು. ೧೯೬೯ರ ಏಪ್ರಿಲ್ ತಿಂಗಳಲ್ಲಿ ಹೊರಬಂದ ಈ ಧ್ವನಿಮುದ್ರಿಕೆ ಅಮೇರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೂ, ಅದೇ ವರ್ಷ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೂ ಏರಿತು.

ಹಾಡಿನ ಅವಧಿ ಎರಡೂಕಾಲು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ಪಾಶ್ಚಾತ್ಯರು ಕಾರ್ಡ್ ಎಂದು ಕರೆಯುವ ಸ್ವರಗುಚ್ಛಗಳು ಇದರಲ್ಲಿ ಮೂರೇ ಮೂರು. ಸ್ವರವ್ಯವಸ್ಥೆ ಅವರ ಮೇಜರ್ ವರ್ಗದ್ದು, ಎಂದರೆ ನಮ್ಮ ಶಂಕರಾಭರಣದ ಸ್ವರಸ್ಥಾನಗಳಿಗೆ ಸಮನಾದದ್ದು. ನಡೆ ಚುರುಕಾದುದು. ಗಿಟಾರಿನ ಬಾಜು ೧೯೫೦ರ ದಶಕದ ನಡುಭಾಗದಲ್ಲಿ ಮೆಂಫಿಸ್ ನಗರದಲ್ಲಿ ಎಲ್ವಿಸ್ ಪ್ರೀಸ್ಲಿಯ ಜೊತೆ ಸ್ಕಾಟಿ ಮೂರ್ ನುಡಿಸುತ್ತಿದ್ದ ರೀತಿಯನ್ನು ನೆನಪಿಗೆ ತರುತ್ತದೆ. ಒಟ್ಟಿನಲ್ಲಿ ಇದು ಹರೆಯದವರ ಕುಣಿತದ ಮಟ್ಟು ಎಂಬುದರಲ್ಲಿ ಸಂದೇಹವಿಲ್ಲ.

ಮಾತಾದರೋ ಉತ್ಪಾತವರ್ಣನೆ. ಕೆಡುಕಿನ ಚಂದ್ರನೊಬ್ಬ ಮೂಡುತ್ತಿದ್ದಾನೆ. ಭೂಕಂಪ, ಮಿಂಚು, ಚಂಡಮಾರುತ, ದಡ ಮೀರುವ ನದಿ ಎಲ್ಲವೂ ಕಾಣಿಸುತ್ತಿವೆ, ಕೇಳಿಸುತ್ತಿವೆ. ಕಣ್ಣಿಗೆ ಕಣ್ಣು ಎಂಬ ಹಳೆಯ ಒಡಂಬಡಿಕೆಯ ಪ್ರತೀಕಾರನ್ಯಾಯವೂ ಕಡೆಯಲ್ಲಿ ಬರುತ್ತದೆ. ಈ ರಾತ್ರಿ ಹೊರಗೆ ಹೊರಡಬೇಡ, ಪ್ರಾಣ ಹೋದೀತು ಎಂಬುದು ಪಲ್ಲವಿಯ ತಾತ್ಪರ್ಯ. ೧೯೪೧ರ ‘ದಿ ಡೆವಿಲ್ ಅಂಡ್ ಡೇನಿಯಲ್ ವೆಬ್‌ಸ್ಟರ್’ ಎಂಬ ಚಲನಚಿತ್ರದ ಬಿರುಗಾಳಿಯ ದೃಶ್ಯವೊಂದು ತನಗೆ ಪ್ರೇರಣೆಯಾಯಿತೆಂದು ಫೋಗರ್ಟಿಯೇ ಹೇಳಿದ್ದಾನೆ.

ಈ ಪಲ್ಲವಿಯ ರಚನೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಎಚ್ಚರಿಕೆಯ ಮಾತು ಆರಂಭವಾಗುವಾಗ ಸ್ವರಗುಚ್ಛವು ಆಧಾರವನ್ನು ಬಿಟ್ಟು ಮಧ್ಯಮದ ಮೇಲೆ ನಿಲ್ಲುತ್ತದೆ. ಅಲ್ಲಿಂದ ಪಂಚಮವನ್ನು ಮುಟ್ಟಿ, ಮಧ್ಯಮಕ್ಕೆ ಇಳಿದು, ಕಡೆಗೆ ಆಧಾರಷಡ್ಜಕ್ಕೆ ಬಂದು ಸೇರುತ್ತದೆ. ಹಾಗೆ ಬಂದು ಸೇರುವುದು ಆ ಕೆಟ್ಟ ಚಂದ್ರ ಮೇಲೇರಿದನೆಂಬ ಮಾತಿನ ಮೇಲೆಯೇ. ಕಿವಿಗೆ ನೆಮ್ಮದಿ ದೊರೆಯುವ ಜಾಗದಲ್ಲಿ ಬುದ್ಧಿಗೆ ಭಯ ದೊರೆಯುತ್ತದೆ. ಮಾತು ಮನೆಯೊಳಗಿರು ಎನ್ನುತ್ತದೆ. ಧಾತು ಹೊರಗೆ ಬಾ ಎನ್ನುತ್ತದೆ. ಈ ಸೆಳೆತದಲ್ಲಿ ಧಾತುವೇ ಗೆದ್ದಿತೆಂಬುದಕ್ಕೆ ಒಂದು ವಿನೋದದ ಸಾಕ್ಷ್ಯವಿದೆ. ಪಲ್ಲವಿಯ ಕೊನೆಯ ಸಾಲನ್ನು ಅಮೇರಿಕದ ಕೇಳುಗರೇ ಎಷ್ಟೋ ಮಂದಿ ಬಲಗಡೆಯಲ್ಲಿ ಬಚ್ಚಲಮನೆಯಿದೆ ಎಂಬಂತೆ ಕೇಳಿಸಿಕೊಂಡರು. ಮುಂದೆ ಫೋಗರ್ಟಿಯೇ ವೇದಿಕೆಯ ಮೇಲೆ ಆಗಾಗ ಹಾಗೆ ಹಾಡಿ ಜನರನ್ನು ನಗಿಸಿದ್ದುಂಟು. ಇಂಗ್ಲಿಷ್ ತಾಯ್ನುಡಿಯಾಗಿರುವವರ ಪಾಡೇ ಹೀಗಾದಮೇಲೆ, ಮೊದಲು ಮಟ್ಟನ್ನು ಕೇಳಿ ಎಷ್ಟೋ ವರ್ಷಗಳ ಮೇಲೆ ಮಾತಿಗೆ ಬರುವ ನಮ್ಮಂಥವರ ವಿಷಯವನ್ನು ಹೇಳಬೇಕಾದುದಿಲ್ಲ.

೩

ಇಂತಹ ಗೀತೆಗಳಿಗೆ ಸಾಮಾನ್ಯವಾಗಿ ಎರಡು ಸಮಾಧಾನಗಳನ್ನು ಹೇಳುತ್ತಾರೆ. ಮೊದಲನೆಯದು ವ್ಯಾಪಾರದ ಸಮಾಧಾನ: ಕುಣಿಯಲಾಗದ ಹಾಡು ಮಾರಾಟವಾಗದು, ಆದುದರಿಂದ ಕಹಿಗುಳಿಗೆಗೆ ಸಕ್ಕರೆಯನ್ನು ಸವರಿದ್ದಾರೆ. ಎರಡನೆಯದು ವ್ಯಂಗ್ಯದ ಸಮಾಧಾನ: ಕವಿ ಹೇಳುವುದು ಒಂದು, ಸೂಚಿಸುವುದು ಇನ್ನೊಂದು, ನಮ್ಮ ಅಲಂಕಾರಶಾಸ್ತ್ರದ ವ್ಯಾಜಸ್ತುತಿಯಂತೆ ಇಲ್ಲಿಯೂ ಸಂತೋಷವು ಬರಿಯ ನೆಪ. ಎರಡರಲ್ಲಿಯೂ ಸ್ವಲ್ಪ ಸತ್ಯವಿದೆ. ಆದರೆ ಎರಡೂ ಹಾಡಿನ ಉಲ್ಲಾಸವನ್ನು ಸುಳ್ಳೆಂದು ಭಾವಿಸುತ್ತವೆ. ಸಕ್ಕರೆಯನ್ನು ನೆಕ್ಕಿ ತೆಗೆದರೆ, ನೆಪವನ್ನು ಸರಿಸಿದರೆ, ಉಳಿಯುವ ಮಾತೇ ನಿಜವಾದ ಹಾಡು ಎಂಬುದು ಇವೆರಡರ ಒಳ ಅಭಿಪ್ರಾಯ. ಕೇಳಿದಾಗ ಆಗುವ ಅನುಭವಕ್ಕೆ ಇದು ಒಪ್ಪುವುದಿಲ್ಲ. ಅರ್ಥ ತಿಳಿದಮೇಲೂ ಈ ಹಾಡಿನ ಉಲ್ಲಾಸ ಕರಗುವುದಿಲ್ಲ. ನನ್ನ ಕಾಲು ಈಗಲೂ ತಾಳ ಹಾಕುತ್ತದೆ.

ಈ ತೊಡಕನ್ನು ಬಿಡಿಸಲು ಆನಂದವರ್ಧನನ ನೆರವನ್ನು ಪಡೆಯಬಹುದು. ‘ಧ್ವನ್ಯಾಲೋಕ’ದ ಮೂರನೆಯ ಉದ್ಯೋತದಲ್ಲಿ ಅವನು ರಸವಿರೋಧದ ಚರ್ಚೆಯನ್ನು ಎತ್ತಿಕೊಳ್ಳುತ್ತಾನೆ. ಪರಸ್ಪರ ವಿರುದ್ಧವಾದ ರಸಗಳು ಸಮಬಲವಾಗಿ ನಿಂತರೆ ಕಾವ್ಯ ಕೆಡುತ್ತದೆ. ಆದರೆ ಒಂದು ಅಂಗಿಯಾಗಿ ಮತ್ತೊಂದು ಅದಕ್ಕೆ ಅಂಗವಾದರೆ ವಿರೋಧ ದೋಷವಾಗದು. ಅವನು ಕೊಡುವ ನಿದರ್ಶನ ಮಹಾಭಾರತದ ಸ್ತ್ರೀಪರ್ವದ್ದು. ರಣರಂಗದಲ್ಲಿ ಭೂರಿಶ್ರವಸನ ಕಡಿದ ಕೈಯನ್ನು ಕಂಡ ಅವನ ಮಡದಿ ಆ ಕೈ ತನ್ನೊಡನೆ ನಡೆಸಿದ ಪ್ರಣಯವನ್ನು ನೆನೆಯುತ್ತಾಳೆ. ಶೃಂಗಾರದ ನೆನಪು ಅಲ್ಲಿ ಶೋಕವನ್ನು ತಗ್ಗಿಸುವುದಿಲ್ಲ, ಹೆಚ್ಚಿಸುತ್ತದೆ. ಕಳೆದುಹೋದುದು ಎಂತಹ ಸುಖವೆಂದು ತಿಳಿದರೇ ಕಳೆದುಕೊಂಡ ದುಃಖದ ಆಳ ತಿಳಿದೀತು.

‘ಬ್ಯಾಡ್ ಮೂನ್ ರೈಸಿಂಗ್’ನಲ್ಲಿ ನಡೆಯುವುದೂ ಇದೇ ಎಂದು ನನಗೆ ತೋರುತ್ತದೆ. ಮಾತು ಬರಲಿರುವ ಕೇಡನ್ನು ಹೇಳುತ್ತದೆ. ಆ ಕೇಡು ಯಾವುದರ ಮೇಲೆ ಎರಗಲಿದೆಯೋ ಅದನ್ನು, ಎಂದರೆ ಶನಿವಾರದ ರಾತ್ರಿಯನ್ನು, ಕುಣಿತವನ್ನು, ಇಪ್ಪತ್ತು ವರ್ಷದ ಮೈಯ ಹುರುಪನ್ನು, ಧಾತು ಹೇಳುತ್ತದೆ. ಉಲ್ಲಾಸ ನೆಪವಾಗಿದ್ದರೆ ಕೇಡಿಗೆ ಅರ್ಥವಿಲ್ಲ. ಕಳೆದುಕೊಳ್ಳುವುದಕ್ಕೆ ಏನೂ ಇಲ್ಲದವನಿಗೆ ಉತ್ಪಾತಗಳಿಂದ ಆಗಬೇಕಾದುದೇನು?

ಕಾಲವನ್ನು ನೋಡಿದರೆ ಈ ಮಾತು ಇನ್ನೂ ಗಟ್ಟಿಯಾಗುತ್ತದೆ. ೧೯೬೮ರ ಏಪ್ರಿಲಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್, ಜೂನಿನಲ್ಲಿ ರಾಬರ್ಟ್ ಕೆನೆಡಿ ಕೊಲೆಯಾದರು. ಆ ಒಂದೇ ವರ್ಷದಲ್ಲಿ ವಿಯಟ್ನಾಮಿನಲ್ಲಿ ಸತ್ತ ಅಮೇರಿಕನ್ ಸೈನಿಕರು ೧೬,೦೦೦ಕ್ಕೂ ಹೆಚ್ಚು. ಹಾಡು ಹೊರಬಂದ ೧೯೬೯ರ ಏಪ್ರಿಲ್ ತಿಂಗಳಲ್ಲಿಯೇ ಅಲ್ಲಿದ್ದ ಅಮೇರಿಕದ ಸೇನೆ ತನ್ನ ಅತ್ಯಧಿಕ ಸಂಖ್ಯೆಯನ್ನು, ಸುಮಾರು ೫,೪೩,೦೦೦ವನ್ನು, ಮುಟ್ಟಿತು. ಫೋಗರ್ಟಿ ಸ್ವತಃ ಸೇನೆಯ ಮೀಸಲು ಪಡೆಯಲ್ಲಿ ಸೇವೆ ಸಲ್ಲಿಸಿ ಬಂದವನು. ಹಾಡಿನಲ್ಲಿ ಯುದ್ಧದ ಹೆಸರಿಲ್ಲ, ದೇಶದ ಹೆಸರಿಲ್ಲ. ಆದರೆ ಹೊರಗೆ ಹೋದರೆ ಪ್ರಾಣ ಹೋದೀತು ಎಂಬ ಮಾತನ್ನು ಆ ವಯಸ್ಸಿನ ಹುಡುಗರು ಆ ವರ್ಷ ಹೇಗೆ ಕೇಳಿರಬಹುದೆಂದು ಊಹಿಸುವುದು ಕಷ್ಟವಲ್ಲ.

೪

ಉಲ್ಲಾಸದ ಧ್ವನಿಯನ್ನು ಕೇಳಿ ಮೋಸಹೋಗುವುದು ರಾಕ್ ಸಂಗೀತದೊಡನೆ ಹುಟ್ಟಿದ ರೋಗವಲ್ಲ. ಮೇರಿಲ್ಯಾಂಡಿನಲ್ಲಿ ಗುಲಾಮನಾಗಿ ಹುಟ್ಟಿ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ ೧೮೪೫ರಲ್ಲಿ ಪ್ರಕಟಿಸಿದ ತನ್ನ ಜೀವನವೃತ್ತಾಂತದಲ್ಲಿ ಗುಲಾಮರ ಹಾಡುಗಳನ್ನು ಕುರಿತು ಕೆಲವು ಪುಟಗಳನ್ನು ಬರೆದಿದ್ದಾನೆ. ಅತ್ಯಂತ ದೈನ್ಯದ ಭಾವವನ್ನು ಅವರು ಅತ್ಯಂತ ಉತ್ಸಾಹದ ಧ್ವನಿಯಲ್ಲಿಯೂ, ಉತ್ಸಾಹದ ಭಾವವನ್ನು ದೈನ್ಯದ ಧ್ವನಿಯಲ್ಲಿಯೂ ಹಾಡುತ್ತಿದ್ದರೆಂದು ಅವನ ಸಾಕ್ಷ್ಯ. ಉತ್ತರದ ರಾಜ್ಯಗಳಿಗೆ ಬಂದಮೇಲೆ, ಗುಲಾಮರು ಹಾಡುವುದೇ ಅವರು ಸುಖವಾಗಿದ್ದಾರೆಂಬುದಕ್ಕೆ ಗುರುತು ಎಂದು ಜನ ಹೇಳುವುದನ್ನು ಕೇಳಿ ಅವನು ಬೆರಗಾದನು. ಇನ್ನೊಂದು ಮಾತನ್ನೂ ಅವನು ಪ್ರಾಮಾಣಿಕವಾಗಿ ಸೇರಿಸುತ್ತಾನೆ: ಆ ವಲಯದೊಳಗೆ ಇದ್ದಾಗ ಆ ಹಾಡುಗಳ ಆಳವಾದ ಅರ್ಥ ತನಗೂ ತಿಳಿದಿರಲಿಲ್ಲ.

ಗುಲಾಮರ ಹಾಡನ್ನೂ ಕ್ಯಾಲಿಫೋರ್ನಿಯಾದ ತರುಣರ ಧ್ವನಿಮುದ್ರಿಕೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಕೂಡದು, ಅದು ಅವಿವೇಕವಾದೀತು. ಆದರೂ ರಾಕ್ ಸಂಗೀತದ ಮೂಲ ಕಪ್ಪು ಜನರ ಬ್ಲೂಸ್ ಮತ್ತು ಭಕ್ತಿಗೀತೆಗಳಲ್ಲಿದೆ ಎಂಬುದು ನಿರ್ವಿವಾದ. ದುಃಖವನ್ನು ಕುಣಿತದ ಮಟ್ಟಿಗೆ ಹೂಡುವ ವಿದ್ಯೆ ಆ ದಾರಿಯಿಂದಲೇ ಬಂದಿತು; ಅದನ್ನು ತಪ್ಪಾಗಿ ಕೇಳುವ ಅಭ್ಯಾಸವೂ ಅದರ ಬೆನ್ನಿಗೇ ಬಂದಿತು.

ಈ ತಪ್ಪು ರಾಜಕೀಯದ ಅಂಗಳಕ್ಕೆ ಇಳಿದುದು ೧೯೮೪ರಲ್ಲಿ. ಬ್ರೂಸ್ ಸ್ಪ್ರಿಂಗ್‌ಸ್ಟೀನನ ‘ಬಾರ್ನ್ ಇನ್ ದಿ ಯು.ಎಸ್.ಎ.’ ಎಂಬ ಸಂಪುಟ ಆ ವರ್ಷದ ಜೂನಿನಲ್ಲಿ ಹೊರಬಂದಿತು. ಅದೇ ಹೆಸರಿನ ಹಾಡಿನ ಪಲ್ಲವಿ ಈ ದೇಶದಲ್ಲಿ ಹುಟ್ಟಿದವನು ನಾನು ಎಂಬ ಘೋಷ. ಮದ್ದಳೆಯೂ ಸಿಂಥಸೈಸರೂ ಕೂಡಿ ಅದನ್ನು ವಿಜಯಯಾತ್ರೆಯಂತೆ ಮೆರೆಸುತ್ತವೆ. ಚರಣಗಳಾದರೋ ಸೋತ ಮನುಷ್ಯನ ಕತೆ. ಬಡ ಊರಿನಲ್ಲಿ ಹುಟ್ಟಿ, ಯುದ್ಧಕ್ಕೆ ಕಳುಹಿಸಲ್ಪಟ್ಟು, ಹಿಂದಿರುಗಿ ಬಂದವನಿಗೆ ಕಾರ್ಖಾನೆಯಲ್ಲಿ ಕೆಲಸವಿಲ್ಲ, ಮಾಜಿ ಸೈನಿಕರ ಕಚೇರಿಯಲ್ಲಿ ನೆರವಿಲ್ಲ. ಅವನ ಸೋದರ ಖೆ ಸಾನ್‌ನಲ್ಲಿ ಹೋರಾಡಿದನು. ಶತ್ರುಗಳು ಅಲ್ಲಿ ಇನ್ನೂ ಇದ್ದಾರೆ, ಸೋದರನಿಲ್ಲ. ಇತಿಹಾಸದ ವಿದ್ಯಾರ್ಥಿ ಇಲ್ಲಿ ಒಂದು ಸಣ್ಣ ತಿದ್ದುಪಡಿಯನ್ನು ಸೂಚಿಸಬಹುದು. ಹಾಡು ವಿಯೆಟ್ ಕಾಂಗ್ ಎನ್ನುತ್ತದೆ. ೧೯೬೮ರಲ್ಲಿ ಖೆ ಸಾನ್‌ಗೆ ಮುತ್ತಿಗೆ ಹಾಕಿದವರು ಮುಖ್ಯವಾಗಿ ಉತ್ತರ ವಿಯಟ್ನಾಮಿನ ಸೇನೆಯವರು. ಆದರೆ ಅವರು ಅಲ್ಲಿಯೇ ಉಳಿದರೆಂಬ ಮಾತು ಕಠೋರ ಸತ್ಯ. ಅಷ್ಟು ರಕ್ತ ಸುರಿಸಿ ಉಳಿಸಿಕೊಂಡ ಆ ನೆಲೆಯನ್ನು ಅಮೇರಿಕದವರು ಅದೇ ವರ್ಷದ ಜುಲೈನಲ್ಲಿ ಕಿತ್ತುಹಾಕಿ ಹೊರಟುಹೋದರು.

೧೯೮೪ರ ಸೆಪ್ಟೆಂಬರ್ ೧೯ರಂದು ಅಧ್ಯಕ್ಷ ರೊನಾಲ್ಡ್ ರೇಗನ್ನರು ನ್ಯೂ ಜರ್ಸಿಯ ಹ್ಯಾಮಂಟನ್ನಿನಲ್ಲಿ ಚುನಾವಣಾ ಭಾಷಣ ಮಾಡುತ್ತ, ಸ್ಪ್ರಿಂಗ್‌ಸ್ಟೀನನ ಹಾಡುಗಳಲ್ಲಿ ಆಶೆಯ ಸಂದೇಶವಿದೆಯೆಂದು ಹೊಗಳಿದರು. ಕೆಲವೇ ದಿನಗಳಲ್ಲಿ ಪಿಟ್ಸ್‌ಬರ್ಗಿನ ವೇದಿಕೆಯಲ್ಲಿ ಸ್ಪ್ರಿಂಗ್‌ಸ್ಟೀನ್, ಅಧ್ಯಕ್ಷರಿಗೆ ಇಷ್ಟವಾದ ಸಂಪುಟ ಯಾವುದಿರಬಹುದೆಂದು ಸೋಜಿಗಪಟ್ಟು, ಕೆಲಸ ಕಳೆದುಕೊಂಡು ಕೊಲೆಗಾರನಾದ ಮೋಟಾರು ಕಾರ್ಖಾನೆಯ ಕಾರ್ಮಿಕನ ಹಾಡೊಂದನ್ನು ಹಾಡಿದನು. ಇಂತಹ ವಿವಾದ ಅಲ್ಲಿಗೇ ಮುಗಿಯಲಿಲ್ಲ. ೨೦೨೦ರ ಚುನಾವಣೆಯ ಕಾಲದಲ್ಲಿ ಡೊನಾಲ್ಡ್ ಟ್ರಂಪರ ಸಭೆಯಲ್ಲಿ ಫೋಗರ್ಟಿಯ ‘ಫಾರ್ಚುನೇಟ್ ಸನ್’ ಎಂಬ ೧೯೬೯ರ ಹಾಡನ್ನು ನುಡಿಸಿದರು. ಅದು ಉಳ್ಳವರ ಮಕ್ಕಳು ಯುದ್ಧವನ್ನು ತಪ್ಪಿಸಿಕೊಳ್ಳುವುದನ್ನು ಖಂಡಿಸುವ ಹಾಡು. ಕರ್ತೃ ಬಹಿರಂಗವಾಗಿ ಆಕ್ಷೇಪಿಸಬೇಕಾಯಿತು.

೫

ಹಾಗಾದರೆ ಸ್ಪ್ರಿಂಗ್‌ಸ್ಟೀನ್ ತನ್ನ ಮಾತಿಗೆ ಒಪ್ಪುವ ಮಟ್ಟನ್ನೇ ಹಾಕಬಹುದಿತ್ತಲ್ಲವೆ? ಅದೃಷ್ಟವಶಾತ್ ಈ ಪ್ರಶ್ನೆಗೆ ಊಹೆಯಿಂದ ಉತ್ತರಿಸಬೇಕಾಗಿಲ್ಲ. ೧೯೮೨ರ ಜನವರಿಯಲ್ಲಿ ಅವನು ತನ್ನ ಮನೆಯಲ್ಲಿ ಕ್ಯಾಸೆಟ್ ಯಂತ್ರದ ಮುಂದೆ ಒಬ್ಬನೇ ಕುಳಿತು ಇದೇ ಹಾಡನ್ನು ಮೊದಲು ಮುದ್ರಿಸಿಕೊಂಡಿದ್ದನು. ಆ ಪಾಠ ೧೯೯೮ರಲ್ಲಿ ಪ್ರಕಟವಾಯಿತು. ೧೯೯೫ರಿಂದ ೧೯೯೭ರವರೆಗಿನ ಏಕಾಂಗಿ ಸಂಚಾರದಲ್ಲಿಯೂ ಅವನು ಗಿಟಾರೊಂದನ್ನೇ ಹಿಡಿದು ಇದನ್ನು ಹಾಡಿದನು. ಪಾಠಾಂತರಗಳನ್ನು ಹೋಲಿಸಿ ನೋಡುವುದು ನಮ್ಮ ಕಸುಬೇ ಆದುದರಿಂದ ಇವನ್ನು ಪಕ್ಕಪಕ್ಕದಲ್ಲಿಟ್ಟು ಕೇಳಬಹುದು.

ಒಂಟಿ ಗಿಟಾರಿನ ಪಾಠದಲ್ಲಿ ಯಾರಿಗೂ ಭ್ರಮೆಯುಂಟಾಗದು. ಧ್ವನಿ ತಗ್ಗಿದೆ, ಮಾತು ಬಿಡಿಬಿಡಿಯಾಗಿ ಕೇಳುತ್ತದೆ, ಚಿತ್ರ ಕತ್ತಲಾಗಿದೆ. ಆದರೆ ಹಲವು ಬಾರಿ ಕೇಳಿದಮೇಲೆ ಅಲ್ಲಿ ಏನೋ ಒಂದು ಇಲ್ಲವೆಂದು ನನಗೆ ತೋರಿತು. ಅಲ್ಲಿನ ಮನುಷ್ಯ ಸೋತವನು ಮಾತ್ರ; ನಾವು ಅವನಿಗಾಗಿ ಮರುಗುತ್ತೇವೆ, ಅಷ್ಟೆ. ವಾದ್ಯವೃಂದದ ಪಾಠದಲ್ಲಿ ಅವನೇ ಎದ್ದು ನಿಂತು ಕೂಗುತ್ತಾನೆ. ಹುಟ್ಟಿದ್ದು ಇಲ್ಲಿ ಎಂಬುದು ಅಲ್ಲಿ ಹೆಮ್ಮೆಯ ಮಾತೂ ಹೌದು, ಬಾಕಿ ವಸೂಲಿಯ ಮಾತೂ ಹೌದು. ಇಲ್ಲಿ ಹುಟ್ಟಿದವನಿಗೆ ಸಲ್ಲಬೇಕಾದುದು ಎಲ್ಲಿ ಎಂದು ಕೇಳಲು ಅವನಿಗೆ ಆ ದೊಡ್ಡ ಧ್ವನಿ ಬೇಕು. ಹೆಮ್ಮೆ ಸುಳ್ಳಾದರೆ ಅವನ ಹಕ್ಕೂ ಸುಳ್ಳಾಗುತ್ತದೆ. ಆದುದರಿಂದ ತಪ್ಪಾಗಿ ಕೇಳಿಸಿಕೊಳ್ಳುವ ಅಪಾಯವಿದ್ದರೂ ವಾದ್ಯವೃಂದದ ಪಾಠವೇ ಮೇಲೆಂದು ನನ್ನ ಅಭಿಪ್ರಾಯ.

ಇದೇ ಕಾರಣದಿಂದ ಜಾನ್ ಲೆನನ್ ತನ್ನ ಹಾಡಿನ ಮೇಲೆ ಹೊರಿಸಿದ ಒಂದು ದೋಷವನ್ನು ನಾನು ಒಪ್ಪಲಾರೆ. ಬೀಟಲ್ಸ್ ತಂಡದ ‘ಹೆಲ್ಪ್!’ ೧೯೬೫ರದು. ಅದು ತನ್ನ ನಿಜವಾದ ಮೊರೆಯೆಂದೂ, ಮಾರಾಟದ ಆಸೆಯಿಂದ ಅದನ್ನು ಅತಿವೇಗವಾಗಿ ಹಾಡಿದುದು ತನಗೆ ಹಿಡಿಸಲಿಲ್ಲವೆಂದೂ ಅವನು ಮುಂದೆ ಹೇಳಿದನು. ಕರ್ತೃವಿನ ಮಾತಿಗೆ ಗೌರವ ಸಲ್ಲಬೇಕು. ಆದರೆ ವಿಮರ್ಶಕ ಕೇಳಬೇಕಾದುದು ಹಾಡನ್ನು. ಅದರ ಚರಣಗಳಲ್ಲಿ ಜೊತೆಗಾರರ ಧ್ವನಿಗಳು ಮುಖ್ಯಗಾಯಕನಿಗಿಂತ ಒಂದು ಹೆಜ್ಜೆ ಮುಂದಾಗಿ ಅವನ ಮಾತುಗಳನ್ನು ಹಾಡುತ್ತವೆ. ಅವನು ತನ್ನ ಸಂಕಟವನ್ನು ಹೇಳಿಕೊಳ್ಳುವ ಮೊದಲೇ ಸುತ್ತಲಿನವರು ಅದನ್ನು ರಾಗವಾಗಿ ಹಾಡಿಬಿಡುತ್ತಾರೆ. ಸಂತೆಯ ನಡುವೆ ಸಹಾಯ ಬೇಡುವವನಂತೆ ಅವನು ಅವಸರದಲ್ಲಿದ್ದಾನೆ. ವೇಗವನ್ನು ತಗ್ಗಿಸಿದ್ದರೆ ದುಃಖ ಸ್ಪಷ್ಟವಾಗುತ್ತಿತ್ತು. ಯಾರೂ ಕಿವಿಗೊಡುತ್ತಿಲ್ಲವೆಂಬ ದುಃಖ ಮಾತ್ರ ತಪ್ಪಿಹೋಗುತ್ತಿತ್ತು.

ಆದರೆ ನಗುವ ಧಾತುವಿಗೆ ಅಳುವ ಮಾತನ್ನು ಸೇರಿಸಿದ ಮಾತ್ರಕ್ಕೆ ಹಾಡು ದೊಡ್ಡದಾಗುವುದಿಲ್ಲ. ಅದೇ ತಂಡದ ‘ಮ್ಯಾಕ್ಸ್‌ವೆಲ್ಸ್ ಸಿಲ್ವರ್ ಹ್ಯಾಮರ್’ ೧೯೬೯ರ ‘ಆಬಿ ರೋಡ್’ ಸಂಪುಟದಲ್ಲಿದೆ. ರಚನೆ ಪಾಲ್ ಮೆಕಾರ್ಟ್ನಿಯದು. ವೈದ್ಯವಿದ್ಯಾರ್ಥಿಯೊಬ್ಬ ಒಬ್ಬರಾದಮೇಲೊಬ್ಬರನ್ನು ಸುತ್ತಿಗೆಯಿಂದ ಬಡಿದು ಕೊಲ್ಲುತ್ತಾನೆ. ಮಟ್ಟು ಹಳೆಯ ಇಂಗ್ಲಿಷ್ ವಿನೋದಶಾಲೆಗಳದು. ಏಟಿನ ಶಬ್ದಕ್ಕಾಗಿ ಅಡಿಗಲ್ಲಿನ ಮೇಲೆ ಹೊಡೆದಿದ್ದಾರೆ. ಜಾಣತನಕ್ಕೆ ಇಲ್ಲಿ ಕೊರತೆಯಿಲ್ಲ. ಕೊರತೆಯಿರುವುದು ಜೀವಕ್ಕೆ. ಸತ್ತವರು ಬದುಕಿದ್ದರೆಂಬ ಭಾವನೆಯೇ ನಮಗೆ ಬರುವುದಿಲ್ಲ. ಈ ನಗು ಸಾಯುವವರದಲ್ಲ, ಕೊಲ್ಲುವವನದೂ ಅಲ್ಲ. ಹೊರಗೆ ನಿಂತು ಕತೆ ಹೇಳುವವನದು. ಫೋಗರ್ಟಿಯ ಹಾಡಿನಲ್ಲಿ ಕುಣಿತ ಆ ಚಂದ್ರನ ಕೆಳಗಿರುವವರದೇ. ಸ್ಪ್ರಿಂಗ್‌ಸ್ಟೀನನಲ್ಲಿ ಘೋಷ ಸೋತವನದೇ. ಲೆನನ್ನನಲ್ಲಿ ಅವಸರ ಮೊರೆಯಿಡುವವನದೇ. ಉಲ್ಲಾಸವು ದುಃಖಪಡುವವನೊಳಗಿನಿಂದ ಬಂದಿದ್ದರೆ ಅದು ದುಃಖಕ್ಕೆ ಅಂಗವಾಗುತ್ತದೆ. ಹೊರಗಿನಿಂದ ಅಂಟಿಸಿದ್ದರೆ ಆನಂದವರ್ಧನ ಹೇಳುವ ವಿರೋಧ ದೋಷವಾಗಿಯೇ ಉಳಿಯುತ್ತದೆ.

೬

ಈಗ ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಬರಬಹುದು. ಆ ದಿನ ನಾನು, ಹೌದು, ಮಾತನ್ನು ತಿಳಿಯದೆ ಕೇಳಿದ್ದು ತಪ್ಪು ಎಂದು ಹೇಳಿ ಪಾಠವನ್ನು ಮುಂದುವರಿಸಿದ್ದೆ. ಅದು ಕಾಗದಪತ್ರಗಳ ಅಭ್ಯಾಸದಿಂದ ಬಂದ ಉತ್ತರ. ೧೯೬೯ರ ಅಮೇರಿಕವನ್ನು ಕುರಿತು ಪತ್ರಿಕೆಗಳನ್ನೂ ಸರಕಾರದ ದಾಖಲೆಗಳನ್ನೂ ಓದಿದರೆ ಭಯ ಕಾಣುತ್ತದೆ. ಜಾಹೀರಾತುಗಳನ್ನೂ ಭಾವಚಿತ್ರಗಳನ್ನೂ ನೋಡಿದರೆ ಮೋಜು ಕಾಣುತ್ತದೆ. ಇವೆರಡೂ ಒಂದೇ ಜನರಲ್ಲಿ, ಒಂದೇ ರಾತ್ರಿಯಲ್ಲಿ, ಒಂದೇ ಮೈಯಲ್ಲಿ ಹೇಗೆ ಕೂಡಿದ್ದುವೆಂದು ತಿಳಿಯಲು ಆ ಎರಡೂಕಾಲು ನಿಮಿಷದ ಹಾಡಿನಂತಹ ಆಕರ ಬೇರೆ ದೊರೆಯುವುದು ಕಷ್ಟ. ಅದರಿಂದ ಮಾತನ್ನು ಮಾತ್ರ ಬರೆದಿಟ್ಟುಕೊಳ್ಳುವ ಇತಿಹಾಸಕಾರನೂ ಮಟ್ಟನ್ನು ಮಾತ್ರ ಹಿಡಿದುಕೊಂಡ ಚುನಾವಣಾ ಸಭೆಯವರಂತೆಯೇ ಅರ್ಧ ಕಿವಿಯಿಂದ ಕೇಳಿದವನಾಗುತ್ತಾನೆ.

ಆದುದರಿಂದ ನನ್ನ ಉತ್ತರವನ್ನು ಹೀಗೆ ತಿದ್ದಿಕೊಳ್ಳುತ್ತೇನೆ. ನೀವು ಮೊದಲು ಕೇಳಿದ್ದು ತಪ್ಪಲ್ಲ; ಆ ಉಲ್ಲಾಸ ಹಾಡಿನಲ್ಲಿ ನಿಜವಾಗಿಯೂ ಇದೆ. ಅರ್ಥ ತಿಳಿದಮೇಲೆ ಅದನ್ನು ಬಿಟ್ಟುಬಿಡುವುದೇ ತಪ್ಪು. ಈ ವರ್ಷ ಅದೇ ಪಾಠಕ್ಕೆ ಬಂದಾಗ ಹಾಡನ್ನು ಎರಡು ಸಲ ಕೇಳಿಸಿದೆ: ಅರ್ಥ ಹೇಳುವ ಮುಂಚೆ ಒಮ್ಮೆ, ಹೇಳಿದಮೇಲೆ ಇನ್ನೊಮ್ಮೆ. ಎರಡನೆಯ ಸಲವೂ ಹಿಂದಿನ ಬೆಂಚಿನಲ್ಲಿ ಒಂದೆರಡು ಕಾಲುಗಳು ತಾಳ ಹಾಕುತ್ತಿದ್ದುವು. ನಾನು ತಡೆಯಲಿಲ್ಲ.